ಎಎಫ್ ಎಕ್ಸ್‌ಡಿಪಿಯಲ್ಲಿ ಚೆಕ್‌ಸಮ್ ಹಾಕೋದು ಯಾರು?

ಓದುಗರ ಪ್ರಶ್ನೆ: ಎಎಫ್ ಎಕ್ಸ್‌ಡಿಪಿ (ಲಿನಕ್ಸ್‌ನ ಮಾಮೂಲಿ ನೆಟ್‌ವರ್ಕ್ ದಾರಿ ತಪ್ಪಿಸಿ ವೇಗವಾಗಿ ಪ್ಯಾಕೆಟ್ ಕಳಿಸುವ) ಸಾಕೆಟ್‌ನಿಂದ ಯುಡಿಪಿ ಪ್ಯಾಕೆಟ್ ಕಳಿಸುತ್ತಿದ್ದೇನೆ. ಮಾಮೂಲಿ ಸಾಕೆಟ್‌ನಲ್ಲಿ ಚೆಕ್‌ಸಮ್ (ಡೇಟಾ ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡುವ ಮೊತ್ತ) ಬಗ್ಗೆ ಯಾವತ್ತೂ ತಲೆ ಕೆಡಿಸಿಕೊಂಡಿಲ್ಲ. ಇಲ್ಲಿ ನಾನೇ ಲೆಕ್ಕ ಹಾಕಬೇಕಾ, ಇಲ್ಲ ನೆಟ್‌ವರ್ಕ್ ಕಾರ್ಡ್ ಹಾಕಿಕೊಡುತ್ತಾ?

ಕಾರ್ಡ್ ಹಾಕಿಕೊಡುತ್ತದೆ. ಆದರೆ ನೀವು ಬಾಯಿಬಿಟ್ಟು ಕೇಳಬೇಕು. ಹಾಗೆ ಕೇಳುವ ದಾರಿಯೇ ಟಿಎಕ್ಸ್ ಮೆಟಾಡೇಟಾ. ಇದು ಲಿನಕ್ಸ್ 6.8ರಲ್ಲಿ, ಅಂದರೆ 2024ರ ಮಾರ್ಚ್‌ನಲ್ಲಿ ಬಂತು. ಎಎಫ್ ಎಕ್ಸ್‌ಡಿಪಿ 2018ರಲ್ಲೇ 4.18ರ ಜೊತೆ ಬಂದಿತ್ತು. 6.8 ಬರೋವರೆಗೂ ಕಾರ್ಡ್‌ನಲ್ಲಿ ಸೌಲಭ್ಯ ಇದ್ದರೂ ಅದನ್ನು ಕೇಳೋಕೆ ಮಾಮೂಲಿ ಕರ್ನಲ್‌ನಲ್ಲಿ ದಾರಿ ಇರಲಿಲ್ಲ, ಸಿಪಿಯು ಮೇಲೇ ಲೆಕ್ಕ.

ಯಾಕೆ ಇಷ್ಟು ತಡ? ಮಾಮೂಲಿ ದಾರಿಯಲ್ಲಿ ಪ್ರತಿ ಪ್ಯಾಕೆಟ್ ಜೊತೆ ಎಸ್‌ಕೆಬಫ್ ಅನ್ನೋ ದೊಡ್ಡ ಸ್ಟ್ರಕ್ಚರ್ ಓಡಾಡುತ್ತದೆ. ಚೆಕ್‌ಸಮ್ ಎಲ್ಲಿಂದ ಶುರು, ಎಲ್ಲಿ ಬರೀಬೇಕು, ಟೈಮ್‌ಸ್ಟಾಂಪ್ ಬೇಕಾ ಅನ್ನೋದೆಲ್ಲ ಅದರೊಳಗೇ ಇರುತ್ತದೆ. ಝೀರೋ ಕಾಪಿ (ಕರ್ನಲ್ ನಕಲು ಮಾಡದೆ ಕಾರ್ಡ್ ನಿಮ್ಮ ಮೆಮೊರಿಯಿಂದಲೇ ಪ್ಯಾಕೆಟ್ ಓದುವ) ಎಎಫ್ ಎಕ್ಸ್‌ಡಿಪಿಯಲ್ಲಿ ಆ ಹೊರೆಯೇ ಇಲ್ಲ, ಅದಕ್ಕೇ ಅಷ್ಟು ವೇಗ. 10 ಗಿಗಾಬಿಟ್ ಲಿಂಕ್‌ನಲ್ಲಿ 64 ಬೈಟ್ ಪ್ಯಾಕೆಟ್‌ಗಳನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಒಂದೊಂದಕ್ಕೆ ಸಿಗೋದು ಸುಮಾರು 67 ನ್ಯಾನೋಸೆಕೆಂಡ್, ಅಷ್ಟೇ. ಕಳಿಸಬೇಕಾದ ಪ್ಯಾಕೆಟ್‌ಗಳ ಸರದಿಗೆ, ಅಂದರೆ ರಿಂಗ್‌ಗೆ, ಹಾಕುವ ಡಿಸ್ಕ್ರಿಪ್ಟರ್ ಬರೀ 16 ಬೈಟ್: ವಿಳಾಸ, ಉದ್ದ, ಆಪ್ಷನ್ಸ್. ಅದರಲ್ಲಿ ಇನ್ನೇನು ತುರುಕೋಕಾಗುತ್ತೆ?

ಹಾಗಾಗಿ ಒಂದು ಚೀಟಿ (ಇದೇ ಟಿಎಕ್ಸ್ ಮೆಟಾಡೇಟಾ) ಬರೆದು ಪ್ಯಾಕೆಟ್‌ನ ಮುಂದೆ ಅಂಟಿಸುತ್ತಾರೆ. ಯುಮೆಮ್ (ಪ್ಯಾಕೆಟ್ ಇಡೋಕೆ ಕರ್ನಲ್ ಜೊತೆ ಹಂಚಿಕೊಳ್ಳುವ ಮೆಮೊರಿ, ಅದರ ಒಂದೊಂದು ತುಂಡು ಒಂದು ಫ್ರೇಮ್) ನೋಂದಾಯಿಸುವಾಗಲೇ ಚೀಟಿಗೆ ಎಷ್ಟು ಬೈಟ್ ಅಂತ ಹೇಳಿಬಿಡಬೇಕು. ಅದು 8ರಿಂದ ಭಾಗವಾಗಬೇಕು, 256ಕ್ಕಿಂತ ಕಡಿಮೆ ಇರಬೇಕು, ಇಡೀ ಯುಮೆಮ್‌ಗೆ ಒಂದೇ ಅಳತೆ. 24 ಅಂದಿರಿ ಅಂತಿಟ್ಟುಕೊಳ್ಳಿ: ಫ್ರೇಮ್‌ನ ಮೊದಲ 24 ಬೈಟ್ ಚೀಟಿಗೆ, ಪ್ಯಾಕೆಟ್ ಅದರ ನಂತರ. ಡಿಸ್ಕ್ರಿಪ್ಟರ್‌ನಲ್ಲಿ ಕೊಡೋದು ಪ್ಯಾಕೆಟ್ ಶುರುವಾಗುವ ವಿಳಾಸ, ಚೀಟಿಯದ್ದಲ್ಲ. ಕರ್ನಲ್ ಅಲ್ಲಿಂದ 24 ಹಿಂದೆ ಹೋಗಿ ಓದುತ್ತದೆ, ಅದೂ ಡಿಸ್ಕ್ರಿಪ್ಟರ್‌ನ ಆಪ್ಷನ್ಸ್‌ನಲ್ಲಿ ಮೆಟಾಡೇಟಾ ಬಿಟ್ ಹಾಕಿದ್ದರೆ ಮಾತ್ರ. ಯುಮೆಮ್ ನೋಂದಣಿಯಲ್ಲೂ ಇನ್ನೊಂದು ಫ್ಲಾಗ್ ಹಾಕಬೇಕು. ಇದನ್ನು ಆಮೇಲೆ ಸೇರಿಸಿದ್ದು, ಯಾಕಂದ್ರೆ ಆ ಸ್ಟ್ರಕ್ಚರ್‌ನ ಕೊನೆಯ ಖಾಲಿ ಬೈಟ್‌ಗಳನ್ನು ಸೊನ್ನೆ ಮಾಡದೇ ಬಿಟ್ಟಿದ್ದ ಹಳೇ ಪ್ರೋಗ್ರಾಂಗಳ ಕಸವನ್ನು ಕರ್ನಲ್ ಚೀಟಿಯ ಉದ್ದ ಅಂತ ಓದಿಬಿಡುತ್ತಿತ್ತು.

ಚೀಟಿಯಲ್ಲಿ ಚೆಕ್‌ಸಮ್ ಫ್ಲಾಗ್ ಹಾಕಿ ಎರಡು ಅಂಕಿ ಬರೆಯಿರಿ. ಎಲ್ಲಿಂದ ಕೂಡಬೇಕು: ಈಥರ್ನೆಟ್ 14, ಐಪಿವಿ4 20, ಒಟ್ಟು 34. ಐಪಿವಿ6 ಆದರೆ 54. ಅಲ್ಲಿಂದ ಎಷ್ಟು ದೂರದಲ್ಲಿ ಉತ್ತರ ಬರೆಯಬೇಕು: ಯುಡಿಪಿಗೆ 6, ಟಿಸಿಪಿಗೆ 16. ಐಪಿವಿ4 ಹೆಡರ್‌ಗೆ ತನ್ನದೇ ಚೆಕ್‌ಸಮ್ ಇದೆಯಲ್ಲ, ಅದು ಈ ಲೆಕ್ಕದಲ್ಲಿ ಸೇರಲ್ಲ, ಅದನ್ನು ನೀವೇ ತುಂಬಿ.

ಇಷ್ಟು ಮಾಡಿದ ಮೇಲೂ ನಾನು ಒಂದು ಇಡೀ ಶನಿವಾರ ಹಾಳು ಮಾಡಿಕೊಂಡೆ. ಮೊದಲು ಐಪಿವಿ4ರಲ್ಲಿ ಚೆಕ್‌ಸಮ್ ಜಾಗಕ್ಕೆ ಸೊನ್ನೆ ಹಾಕಿ, ಫ್ಲಾಗ್ ಹಾಕದೆ ಕಳಿಸಿದ್ದೆ. ಆ ಕಡೆ ಸರಿಯಾಗಿ ತಲುಪಿತು. ಆಹಾ, ಕಾರ್ಡೇ ನೋಡಿಕೊಳ್ಳುತ್ತೆ ಅಂದುಕೊಂಡೆ. ಸುಳ್ಳು. ಐಪಿವಿ4 ಯುಡಿಪಿಯಲ್ಲಿ ಸೊನ್ನೆ ಅಂದರೆ ‘ಚೆಕ್‌ಸಮ್ ಇಲ್ಲ, ನೋಡಬೇಡ’ ಅಂತ ಅರ್ಥ! ಐಪಿವಿ6ಕ್ಕೆ ಹೋದ ತಕ್ಷಣ ಒಂದೂ ತಲುಪಲಿಲ್ಲ. ಫ್ಲಾಗ್ ಹಾಕಿದೆ, ಆಗಲೂ ಇಲ್ಲ. ಕಳಿಸುವ ಮಷಿನ್‌ನಲ್ಲಿ, ಓಡಾಡುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ಪರದೆ ಖಾಲಿ, ಝೀರೋ ಕಾಪಿ ಪ್ಯಾಕೆಟ್ ಆ ದಾರಿಯಲ್ಲಿ ಹೋಗೋದೇ ಇಲ್ಲವಲ್ಲ. ತೆಗೆದುಕೊಳ್ಳುವ ಕಡೆ ಹಾಕಿದಾಗ ಪ್ರತಿ ಸಾಲಿನಲ್ಲೂ ಚೆಕ್‌ಸಮ್ ಕೆಟ್ಟಿದೆ ಅಂತ ಬಂತು.

ಕಾರ್ಡ್‌ಗೆ ಗೊತ್ತಿರೋದು ಬೈಟ್ ಕೂಡೋದು ಮಾತ್ರ. ಕಳಿಸುವವರ ವಿಳಾಸ, ತಲುಪುವ ವಿಳಾಸ, ಪ್ರೋಟೋಕಾಲ್, ಉದ್ದ ಸೇರಿದ ಸ್ಯೂಡೋ ಹೆಡರ್‌ನ ಮೊತ್ತವನ್ನು ನಾವೇ ಕೂಡಿ ಚೆಕ್‌ಸಮ್ ಜಾಗದಲ್ಲಿ ಇಡಬೇಕು. ನಾನು ಬಳಸಿದ ಫಂಕ್ಷನ್ ಕೊನೆಯಲ್ಲಿ ಬಿಟ್‌ಗಳನ್ನು ಉಲ್ಟಾ ಮಾಡಿ ಕೊಡುತ್ತಿತ್ತು. ಅದನ್ನು ಮತ್ತೆ ಉಲ್ಟಾ ಮಾಡಬೇಕಿತ್ತು, ಒಂದು ಟಿಲ್ಡೆ (~) ಚಿಹ್ನೆ ಸಾಕಿತ್ತು. ಒಂದೇ ಒಂದು ಅಕ್ಷರಕ್ಕೆ ಶನಿವಾರ ಹೋಯಿತು.

ನಿಮ್ಮ ಡ್ರೈವರ್‌ಗೆ ಇದು ಬರುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಶುರುವಿನಲ್ಲಿ ಎಂಎಲ್‌ಎಕ್ಸ್5ಗೆ ಚೆಕ್‌ಸಮ್, ಟೈಮ್‌ಸ್ಟಾಂಪ್ ಎರಡೂ ಇತ್ತು, ಎಸ್‌ಟಿಎಂಮ್ಯಾಕ್‌ಗೆ ಟೈಮ್‌ಸ್ಟಾಂಪ್ ಮಾತ್ರ. ಡಿಸ್ಕ್ರಿಪ್ಟರ್‌ನ ಆಪ್ಷನ್ಸ್‌ನಲ್ಲಿ ಕರ್ನಲ್‌ಗೆ ಗೊತ್ತೇ ಇಲ್ಲದ ಬಿಟ್ ಹಾಕಿದರೆ ಡಿಸ್ಕ್ರಿಪ್ಟರ್ ತಿರಸ್ಕಾರ ಆಗುತ್ತದೆ, ತಪ್ಪು ಡಿಸ್ಕ್ರಿಪ್ಟರ್‌ಗಳ ಲೆಕ್ಕದಲ್ಲೂ ಕಾಣುತ್ತದೆ. ಚೀಟಿಯ ಫ್ಲಾಗ್ ಕರ್ನಲ್‌ಗೆ ಗೊತ್ತಿದ್ದು ಡ್ರೈವರ್‌ಗೆ ಗೊತ್ತಿಲ್ಲದ್ದಾದರೆ ಝೀರೋ ಕಾಪಿಯಲ್ಲಿ ಡ್ರೈವರ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ, ಅರ್ಧ ಲೆಕ್ಕದ ಪ್ಯಾಕೆಟ್ ಹಾಗೇ ತಂತಿಗೆ ಹೋಗುತ್ತದೆ. ನನ್ನ ಪ್ರಕಾರ ಇದು ಜಾಸ್ತಿ ಅಪಾಯ. ಕರ್ನಲ್ ಜೊತೆ ಮಾತಾಡುವ ನೆಟ್‌ಲಿಂಕ್‌ನ ನೆಟ್‌ಡೆವ್ ಫ್ಯಾಮಿಲಿಯನ್ನು ಕೇಳಿದರೆ ಸಾಧನಕ್ಕೆ ಏನೇನು ಬರುತ್ತೆ ಅಂತ ಹೇಳುತ್ತದೆ.

ಟೈಮ್‌ಸ್ಟಾಂಪ್ ಕೇಳಿದ್ದರೆ ಉತ್ತರ ಅದೇ ಚೀಟಿಯಲ್ಲೇ ಬರುತ್ತದೆ. ಕಳಿಸಿ ಮುಗಿದವುಗಳ ಸರದಿಯಾದ ಕಂಪ್ಲೀಷನ್ ರಿಂಗ್‌ನಲ್ಲಿ ವಿಳಾಸ ವಾಪಸ್ ಬಂದಾಗ ಮತ್ತೆ 24 ಹಿಂದೆ ಹೋಗಿ ಓದಿ. ಪ್ರಶ್ನೆ ಉತ್ತರ ಎರಡಕ್ಕೂ ಒಂದೇ ಜಾಗ, ಟೈಮ್‌ಸ್ಟಾಂಪ್ ಬಂದು ಕೂತಿದ್ದು ನೀವು ಬರೆದ 34 ಮತ್ತು 6ರ ಮೇಲೆ. ಅದೇ ಫ್ರೇಮ್ ಮತ್ತೆ ಕಳಿಸುವಾಗ ಚೀಟಿಯನ್ನು ಹೊಸದಾಗಿ ಬರೆಯಿರಿ.

ಇಂಥ ಕಾರ್ಡ್ ಇಲ್ಲದಿದ್ದರೆ ಕಾಪಿ ಮೋಡ್‌ನಲ್ಲಿ ಕರ್ನಲ್‌ನಿಂದಲೇ ಸಾಫ್ಟ್‌ವೇರ್ ಚೆಕ್‌ಸಮ್ ಮಾಡಿಸುವ ಒಂದು ಯುಮೆಮ್ ಫ್ಲಾಗ್ ಇದೆ. ನಿಧಾನ, ಪರೀಕ್ಷೆಗೆ ಅಂತಲೇ ಇಟ್ಟಿದ್ದು. ಟಿಲ್ಡೆ ಬಿಟ್ಟಿದ್ದೀರಾ ಅಂತ ಲ್ಯಾಪ್‌ಟಾಪ್‌ನಲ್ಲೇ ಗೊತ್ತಾಗುತ್ತದೆ.