ಸಂಡೂರಿನ ಅದಿರು: ಅರಮನೆಯಿಂದ ಹರಾಜುಕಟ್ಟೆಗೆ

ಬಳ್ಳಾರಿ ಜಿಲ್ಲೆಯ ಸಂಡೂರಿನ ಗಣಿ ವಿಷಯ ಎತ್ತಿದರೆ ಮಾತು ಅಕ್ರಮ ಗಣಿಗಾರಿಕೆಯ ಲೋಕಾಯುಕ್ತ ವರದಿ ಬಂದ 2011ಕ್ಕೆ ಹೋಗಿ ನಿಲ್ಲುತ್ತದೆ. ಗುಡ್ಡದ ಲೆಕ್ಕ ಮಾತ್ರ ಅದಕ್ಕಿಂತ ಬಹಳ ಹಳೆಯದು.

ಸಂಡೂರು ಘೋರ್ಪಡೆ ಮನೆತನ ಆಳಿದ ಪುಟ್ಟ ಸಂಸ್ಥಾನ. 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು, 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರಿಗೆ ಬಂತು. ಮರುವರ್ಷವೇ ಮಾಜಿ ದೊರೆ ಯಶವಂತರಾವ್ ಘೋರ್ಪಡೆ ಅವರು ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಕಟ್ಟಿದರು. ಊರವರ ಬಾಯಲ್ಲಿ ಅದು ‘ಸ್ಮಯೋರ್’. ಗದ್ದುಗೆ ಹೋಯಿತು, ಗಣಿ ಗುತ್ತಿಗೆ ಕೈಗೆ ಬಂತು.

ಮಗ ಎಂ.ವೈ. ಘೋರ್ಪಡೆ ಕೇಂಬ್ರಿಡ್ಜ್‌ನಲ್ಲಿ ಅರ್ಥಶಾಸ್ತ್ರ ಓದಿದವರು, ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರ ತೆಗೆದು ಹೆಸರಾದವರು. ಕಂಪನಿಯ ಜೊತೆಗೆ ರಾಜಕಾರಣವನ್ನೂ ನಡೆಸಿ, 1972ರಲ್ಲಿ ದೇವರಾಜ ಅರಸು ಸಂಪುಟದ ಹಣಕಾಸು ಸಚಿವರಾದರು. ಕಥೆ ಸಿಕ್ಕುಗೊಳ್ಳುವುದು ಇಲ್ಲಿ. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗುತ್ತಿದ್ದ ಹೊತ್ತು ಅದು. 1973ರಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ಸಂಡೂರಿನ ರೈತರು ಇನಾಂ ಭೂಮಿ ತಮಗೆ ಬರಬೇಕೆಂದು ಬೀದಿಗಿಳಿದು ಜೈಲು ತುಂಬಿದರು. ಭೂಸುಧಾರಣೆಯ ಸರ್ಕಾರದಲ್ಲಿ ಖಜಾನೆ ಹಿಡಿದವರ ತಾಲ್ಲೂಕಿನಲ್ಲೇ ಭೂಹೋರಾಟ! ಅಂದು ಚರ್ಚೆಯಾದದ್ದು ಮೇಲ್ಮಣ್ಣು. ಅದರಡಿಯ ಅದಿರು ಯಾರದು ಎಂದು ಕೇಳಿದವರು ವಿರಳ. ಮನೆತನದ ಲೆಕ್ಕದ ಇನ್ನೊಂದು ಪುಟದಲ್ಲಿ 1930ರ ದಶಕದಲ್ಲಿ ಕುಮಾರಸ್ವಾಮಿ ಗುಡಿಯ ಬಾಗಿಲು ದಲಿತರಿಗೆ ತೆರೆದದ್ದಿದೆ, ಲಂಬಾಣಿ ಹೆಂಗಸರ ಕಸೂತಿಗೆ ಮಾರುಕಟ್ಟೆ ಒದಗಿಸಿದ ಕುಶಲ ಕಲಾ ಕೇಂದ್ರವೂ ಇದೆ. ಒಂದನ್ನು ಓದಿ ಇನ್ನೊಂದನ್ನು ಮಡಚಿಡುವುದು ಸುಲಭ.

ಈ ಶತಮಾನದ ಮೊದಲ ವರ್ಷಗಳಲ್ಲಿ ಚೀನಾ ಅದಿರು ಕೊಳ್ಳಲು ನಿಂತಾಗ ಟನ್ನಿನ ಬೆಲೆ ಸಾವಿರಗಳಿಗೆ ಏರಿತು. ಆಗ ರಾಜ್ಯಕ್ಕೆ ಬರುತ್ತಿದ್ದ ರಾಜಧನ, ಅಂದರೆ ತೆಗೆದ ಅದಿರಿಗೆ ಗಣಿಯವರು ಕಟ್ಟುವ ಪಾಲು, ಉತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ! ದರ ನಿಗದಿ ಕೇಂದ್ರದ ಕೈಯಲ್ಲಿತ್ತು. ಬೆಲೆಯ ಶೇ 10 ಎಂದು ಬದಲಾದದ್ದು 2009ರಲ್ಲಿ, ಅಷ್ಟರಲ್ಲಿ ಬೇಕಾದಷ್ಟು ಲಾರಿಗಳು ಬಂದರು ಮುಟ್ಟಿದ್ದವು. ಹಳೆ ಗುತ್ತಿಗೆದಾರರ ಸುತ್ತ ಹೊಸಬರು ಹುಟ್ಟಿಕೊಂಡರು, ಕೆಂಧೂಳು ಹೊಲಕ್ಕೂ ಅಡುಗೆಮನೆಗೂ ನುಗ್ಗಿತು.

2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಎಂ.ವೈ. ಘೋರ್ಪಡೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕೋರ್ಟಿನ ಸಮಿತಿ ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು; 2013ರ ತೀರ್ಪು ಅದನ್ನು ಒಪ್ಪಿ, ಅಕ್ರಮ ಹೆಚ್ಚಿದ್ದ ‘ಸಿ’ಯವನ್ನು ರದ್ದು ಮಾಡಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೇರಿ ವರ್ಷಕ್ಕೆ 3 ಕೋಟಿ ಟನ್ ಅದಿರು ಎಂಬ ಮಿತಿ ಬಂತು. 2022ರ ಹೊತ್ತಿಗೆ ಆ ಮಿತಿಯೇ 5 ಕೋಟಿಗೆ ಹಿಗ್ಗಿತ್ತು. ಕೇಂದ್ರದ ಗಣಿ ಕಾಯ್ದೆಗೆ ಬಂದ 2015ರ ತಿದ್ದುಪಡಿಯ ನಂತರ ಖಾಸಗಿಯವರಿಗೆ ಹೊಸ ಗುತ್ತಿಗೆ ಹರಾಜಿನಲ್ಲಷ್ಟೇ.

ಸ್ಮಯೋರ್ ಇಂದಿಗೂ ಇದೆ, ಘೋರ್ಪಡೆ ಕುಟುಂಬದ ಕೈಯಲ್ಲೇ. 2024ರಲ್ಲಿ ಅದು ಆಂಧ್ರದ ತಾಡಿಪತ್ರಿಯಲ್ಲಿ ಕಾರ್ಖಾನೆ ಇರುವ ಅರ್ಜಾಸ್ ಸ್ಟೀಲ್ ಅನ್ನು ಕೊಂಡಿತು.