ಸಂದರ್ಶನವನ್ನು ಕವಿತೆಯಾಗಿಸಿದರೆ ಅದು ಸಂಶೋಧನೆಯೇ?

ಪ್ರಶ್ನೆ: ಕಾರವಾರದ ಮೀನು ಪೇಟೆಯಲ್ಲಿ ವ್ಯಾಪಾರ ಮಾಡುವ ಮಹಿಳೆಯರ ಮಾತುಗಳನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. ಅವನ್ನು ಕವಿತೆಯ ರೂಪದಲ್ಲಿ ಮಹಾಪ್ರಬಂಧಕ್ಕೆ ಸೇರಿಸಬಹುದೇ? ಕಲ್ಪನೆ ಬೆರೆತ ಮೇಲೆ ಅದನ್ನು ಸಂಶೋಧನೆಯೆಂದು ಯಾರು ಒಪ್ಪುತ್ತಾರೆ?

ಉತ್ತರ: ಸೇರಿಸಬಹುದು. ಆದರೆ ಕವಿತೆ ಎಂದಕೂಡಲೇ ಕಲ್ಪನೆ ಬೆರೆಯುತ್ತದೆ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರೆಲ್ ರಿಚರ್ಡ್‌ಸನ್ ಅವಿವಾಹಿತ ತಾಯಿಯೊಬ್ಬರ ಸಂದರ್ಶನದ 36 ಪುಟಗಳ ಬರಹವನ್ನು ಒಂದು ಕವಿತೆಯಾಗಿ ಅಡಕಗೊಳಿಸಿದಾಗ, ಆ ತಾಯಿ ಆಡಿದ ಪದಗಳನ್ನೇ, ಅವರ ವಾಕ್ಯರೀತಿಯಲ್ಲಿಯೇ ಬಳಸಿದ್ದರು. ಅದನ್ನು ಕುರಿತ ಅವರ ಬರಹ 1992ರಲ್ಲಿ ಪ್ರಕಟವಾಯಿತು. 1997ರಲ್ಲಿ ಶಿಕ್ಷಣ ಸಂಶೋಧಕಿ ಕೊರೀನ್ ಗ್ಲೆಸ್ನ್ ಇದೇ ದಾರಿಯಲ್ಲಿ ತಮಗೆ ತಾವೇ ನಿಯಮಗಳನ್ನು ಹಾಕಿಕೊಂಡರು: ಪದಗಳು ಮಾತನಾಡಿದವರವೇ ಆಗಿರಬೇಕು, ಸಂದರ್ಶನದ ಯಾವ ಭಾಗದಿಂದಲಾದರೂ ನುಡಿಗಳನ್ನು ಆಯ್ದು ಜೋಡಿಸಬಹುದು, ಆದರೆ ಅವರ ಮಾತಿನ ಲಯ ಕೆಡಬಾರದು.

ಒಬ್ಬ ಮಹಿಳೆ ನಿಮಗೆ ಹೀಗೆ ಹೇಳಿದರು ಎಂದಿಟ್ಟುಕೊಳ್ಳಿ: "ಮಳೆಗಾಲ್ದಾಗೆ ಎರಡು ತಿಂಗ್ಳು ಬೋಟಿಲ್ಲ. ಬೋಟಿಲ್ಲ ಅಂದ್ರೆ ಮೀನಿಲ್ಲ. ಮೀನಿಲ್ಲ ಅಂದ್ರೆ... ಒಣಮೀನು ಇತ್ತು, ಅದ್ನೇ ಹೊತ್ಕಂಡು ಹೋದೆ." ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಮಾತಿದು. ರೂಢಿಯ ವಿಶ್ಲೇಷಣೆಯಲ್ಲಿ ಇದು "ಮಳೆಗಾಲದ ಆದಾಯದ ಕೊರತೆ" ಎಂಬ ಶೀರ್ಷಿಕೆಯ ಕೆಳಗೆ ಹೋಗಿ ಕೂರುತ್ತದೆ. ಅದೇ ಮಾತನ್ನು ಸಾಲಾಗಿ ಮುರಿದು ನೋಡಿ:

ಬೋಟಿಲ್ಲ ಅಂದ್ರೆ ಮೀನಿಲ್ಲ.
ಮೀನಿಲ್ಲ ಅಂದ್ರೆ...

ಒಣಮೀನು ಇತ್ತು,
ಅದ್ನೇ ಹೊತ್ಕಂಡು ಹೋದೆ.

ಆಕೆ ಪೂರ್ತಿಗೊಳಿಸದೆ ಬಿಟ್ಟ ವಾಕ್ಯ ಈಗ ಕಣ್ಣಿಗೆ ಬೀಳುತ್ತದೆ. ಆ ಖಾಲಿ ಸಾಲಿನಲ್ಲಿ ನೀವು "ಹಸಿವು" ಎಂದು ಬರೆದರೆ ಕವಿತೆ ಇನ್ನಷ್ಟು ಮನಮುಟ್ಟೀತು, ಆದರೆ ಆಧಾರ ತಪ್ಪುತ್ತದೆ. ಏಕೆಂದರೆ ಆ ಮಾತನ್ನು ಆಕೆ ಆಡಿಲ್ಲ, ಬಹುಶಃ ಆಡಬಾರದೆಂದೇ ತಡೆದುಕೊಂಡಿದ್ದಾರೆ. ಪರೀಕ್ಷಕರು ಕೇಳಬೇಕಾದದ್ದು ಕವಿತೆ ಚೆನ್ನಾಗಿದೆಯೇ ಎಂದಲ್ಲ, ಈ ಸಾಲು ಧ್ವನಿಮುದ್ರಣದ ಯಾವ ನಿಮಿಷದಿಂದ ಬಂತು ಎಂದು. ಆದ್ದರಿಂದ ಪ್ರತಿ ಸಾಲಿನ ಮೂಲವನ್ನೂ, ಬಿಟ್ಟ ಭಾಗಗಳನ್ನೂ, ಬಿಟ್ಟ ಕಾರಣವನ್ನೂ ಅನುಬಂಧದಲ್ಲಿ ಕೊಡಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಪೇಟೆಯ ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ಉಳಿಯುವುದು ನಿಮ್ಮ ಲಯವೇ ಹೊರತು ಆಕೆಯದಲ್ಲ. ಕೊಂಕಣಿ ಸಾಲನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟು, ಪಕ್ಕದಲ್ಲಿ ಅರ್ಥ ಬರೆಯುವುದು ಲೇಸು. ಆದರೆ ಆಡುಮಾತನ್ನು ಹಾಗೆಯೇ ಉಳಿಸಿದಷ್ಟೂ ಆಡಿದವರ ಗುರುತು ಹತ್ತುವುದು ಸುಲಭ: ಹೆಸರು ಬದಲಿಸಿದರೂ ಒಂದು ನುಡಿಗಟ್ಟು ಕೇಳಿ, ಪಕ್ಕದ ಬುಟ್ಟಿಯವರು ಇದು ಇಂಥವಳದೇ ಎಂದುಬಿಡುತ್ತಾರೆ. ಧ್ವನಿಮುದ್ರಣಕ್ಕೆ ಪಡೆದ ಒಪ್ಪಿಗೆ ಇಲ್ಲಿ ಸಾಲದು, ಕವಿತೆಗೆ ಬೇರೆಯೇ ಒಪ್ಪಿಗೆ ಬೇಕು.

ಜಾನಪದ ಸಂಗ್ರಹದೊಂದಿಗೂ ಇದನ್ನು ಬೆರೆಸಬೇಡಿ. ನಮ್ಮ ಜಿಲ್ಲೆಯಲ್ಲಿ ಈ ಗೊಂದಲ ಸಹಜವೇ. ಅಂಕೋಲಾದ ಬಡಿಗೇರಿಯ ಜನಪದ ಗಾಯಕಿ ಸುಕ್ರಿ ಬೊಮ್ಮ ಗೌಡರು ಹಾಡಿದ, ಹಾಲಕ್ಕಿ ಸಮುದಾಯದ ಹಾಡುಗಳು ಮೊದಲೇ ಕಾವ್ಯ. ಅವನ್ನು ದಾಖಲಿಸುವವರ ಕೆಲಸ ಬೇರೆ. ನೀವು ಮಾತಿಗೆ ಸಾಲಿನ ರೂಪ ಕೊಡುತ್ತಿದ್ದೀರಿ, ಅಲ್ಲಿ ನಿಮ್ಮ ಕೈವಾಡ ಇದ್ದೇ ಇದೆ.

ಎಷ್ಟು ಮಂದಿಗೆ ಎಷ್ಟು ನಷ್ಟವಾಯಿತು ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಕವಿತೆಯನ್ನು ಬಿಟ್ಟು ಲೆಕ್ಕ ಹಿಡಿಯಿರಿ. ಇಲ್ಲವಾದರೆ ಬರೆದದ್ದನ್ನು, ವ್ಯಾಪಾರದ ಗದ್ದಲ ಇಳಿದ ಮಧ್ಯಾಹ್ನದ ಹೊತ್ತಿಗೆ, ಆಕೆಗೇ ಓದಿ ಹೇಳಿ. "ನಾ ಹಂಗೆ ಹೇಳ್ಲಿಲ್ಲ" ಎಂದರೆ ಆ ಸಾಲನ್ನು ತೆಗೆಯಿರಿ, ತೆಗೆದದ್ದನ್ನೂ ಅನುಬಂಧದಲ್ಲಿ ಬರೆಯಿರಿ.