ಸಣ್ಣ ಗೆಲಾಕ್ಸಿಯ ಎಕ್ಸ್-ರೇ ಚುಕ್ಕೆ: ಅದು ಕಪ್ಪುಕುಳಿಯೇನಾ?

ಪ್ರಶ್ನೆ: ಸಣ್ಣ ಗೆಲಾಕ್ಸಿಯ ನಡುವೆ ಎಕ್ಸ್-ರೇ ಕಂಡರೆ ಅಲ್ಲಿ ದೊಡ್ಡ ಕಪ್ಪುಕುಳಿ ಇದೆ ಎಂದೇ ಅರ್ಥವೇ? (ಶಿರಸಿಯ ಓದುಗರೊಬ್ಬರು)

ಇಲ್ಲ ಮಾರಾಯ್ರೆ, ಅಷ್ಟು ಸುಲಭ ಇಲ್ಲ. ಒಂದು ಸಲ ಕತ್ತಲಾದ ಮೇಲೆ ಕಾರವಾರದ ಟಾಗೋರ್ ಬೀಚಿನಲ್ಲಿ ನಿಂತು ನೋಡಿ. ದೂರ ನೀರಿನ ಮೇಲೆ ಒಂದು ದೀಪ. ಹತ್ತಿರದ ಪಾತಿ ದೋಣಿಯೋ, ಅದರಾಚೆ ಎಲ್ಲೋ ನಿಂತ ಹಡಗೋ? ದೇವಗಡ ದ್ವೀಪದ ದೀಪಸ್ತಂಭವಾದರೆ ಹೊತ್ತಿ ಆರುವ ಲೆಕ್ಕದಲ್ಲೇ ಗೊತ್ತಾಗುತ್ತದೆ. ಉಳಿದವು ಯಾವುದೆಂದು ತಿಳಿಯಲು ಸುಮ್ನೆ ಕಾಯಬೇಕು.

ಎಕ್ಸ್-ರೇ ಚುಕ್ಕೆಗಳದ್ದೂ ಇದೇ ಕಷ್ಟ. ಕಪ್ಪುಕುಳಿಗೆ ಬೀಳುವ ಅನಿಲ ಲಕ್ಷಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಚೆಲ್ಲುತ್ತದೆ, ನಿಜ. ಆದರೆ ಸತ್ತ ನಕ್ಷತ್ರವೊಂದು ಪಕ್ಕದ ಜೊತೆಗಾರನ ಅನಿಲ ಹೀರುವ ಜೋಡಿಯೂ ಅದನ್ನೇ ಮಾಡುತ್ತದೆ. ಸಿಡಿದ ನಕ್ಷತ್ರದ ಅವಶೇಷವೂ ಹೊಳೆಯುತ್ತದೆ. ಕೆಲವೊಮ್ಮೆ ಚುಕ್ಕೆ ಆ ಗೆಲಾಕ್ಸಿಯದ್ದೇ ಅಲ್ಲ, ಬಹಳ ಹಿಂದಿರುವ ಕ್ವೇಸಾರ್, ಅಂದರೆ ದೈತ್ಯ ಕಪ್ಪುಕುಳಿಯಿಂದ ಜೋರಾಗಿ ಹೊಳೆಯುವ ದೂರದ ಗೆಲಾಕ್ಸಿಯ ನಡುಭಾಗ. ನಮ್ಮ ಹಾಲುಹಾದಿಯ ನಡುವಿನ ಕಪ್ಪುಕುಳಿ 40 ಲಕ್ಷ ಸೂರ್ಯರಷ್ಟು ತೂಕ. ಸಣ್ಣ ಗೆಲಾಕ್ಸಿಯದ್ದು ಅದಕ್ಕಿಂತ ತುಂಬ ಹಗುರ ಇರಬಹುದು. ಅದರ ಬೆಳಕೂ ಮಂದ, ಜೋಡಿ ನಕ್ಷತ್ರದ ಬೆಳಕಿನ ಜೊತೆ ಕಲಸಿಹೋಗುತ್ತದೆ.

ಹೆನೈಜ್ 2-10 ಎಂಬ ಸಣ್ಣ ಗೆಲಾಕ್ಸಿಯ ಕಥೆ ನನಗೆ ಬಹಳ ಇಷ್ಟ. ನಮ್ಮಿಂದ ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರ. 2011ರಲ್ಲಿ ಖಗೋಳ ವಿಜ್ಞಾನಿ ಏಮಿ ರೈನ್ಸ್ ಮತ್ತು ಸಂಗಡಿಗರು ಅದರ ನಡುವೆ ರೇಡಿಯೋ ಅಲೆ ಸೂಸುವ ಚುಕ್ಕೆ ಇದೆ, ಎಕ್ಸ್-ರೇ ಕೂಡ ಬರುತ್ತಿದೆ, ಇದು ಸುಮಾರು 10 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಎಂದರು. ಆಮೇಲೆ ಅದೇ ತಂಡ ಬಾಹ್ಯಾಕಾಶದಲ್ಲಿರುವ ಚಂದ್ರಾ ಎಕ್ಸ್-ರೇ ದೂರದರ್ಶಕದಿಂದ ಜಾಸ್ತಿ ಹೊತ್ತು ನೋಡಿತು. 2016ರಲ್ಲಿ ಹೊರಬಂದ ಉತ್ತರ ತಮಾಷೆಯಾಗಿದೆ. ಮೊದಲು ಕಂಡಿದ್ದ ಜೋರು ಎಕ್ಸ್-ರೇ ಕಪ್ಪುಕುಳಿಯದ್ದಾಗಿರಲಿಲ್ಲ! ಸ್ವಲ್ಪ ಪಕ್ಕದಲ್ಲಿದ್ದ ನಕ್ಷತ್ರ ಜೋಡಿಯದ್ದು. ಆ ಜೋಡಿ ಮಂಕಾದ ಮೇಲೆಯೇ ರೇಡಿಯೋ ಚುಕ್ಕೆಯ ಜಾಗದಲ್ಲಿದ್ದ ಬಡಕಲು ಎಕ್ಸ್-ರೇ ಕಂಡದ್ದು. ದೊಡ್ಡ ದೀಪ ಆರಿದಾಗ ಹಿಂದಿನ ಚಿಮಣಿ ಕಾಣುತ್ತದಲ್ವಾ, ಹಾಗೆ.

ಜಗಳ ಅಲ್ಲಿಗೂ ಮುಗಿಯಲಿಲ್ಲ. 2019ರಲ್ಲಿ ಬೇರೊಂದು ತಂಡ ಆ ಬಡಕಲು ಎಕ್ಸ್-ರೇ ಬೆಳಕಿನ ಬಣ್ಣಗಳನ್ನು ಬಿಡಿಸಿ ನೋಡಿ, ಇದು ಸಿಡಿದ ನಕ್ಷತ್ರದ ಅವಶೇಷ ಇರಬೇಕು ಎಂದಿತು. 2022ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೋರಿಸಿದ್ದು, ಅದೇ ಬಿಂದುವಿನಿಂದ ಹೊರಟು ಸುಮಾರು 500 ಜ್ಯೋತಿರ್ವರ್ಷ ಚಾಚಿ ನಕ್ಷತ್ರಗಳು ಹುಟ್ಟುವ ಜಾಗಕ್ಕೆ ತಾಗುವ ಅನಿಲದ ಹರಿವು. ಸುಮ್ನೆ ಒಂದು ಅವಶೇಷ ಇಂಥದ್ದು ಮಾಡೋದು ಕಷ್ಟ. ನನ್ನ ಒಲವು ಕಪ್ಪುಕುಳಿಯ ಕಡೆಗೇ.

ಹತ್ತಿರ ಹತ್ತಿರದ ಚುಕ್ಕೆಗಳನ್ನು ಬಿಡಿಸಲು ಚಂದ್ರಾವೇ ಬೇಕು. ಅದರ ನೋಟ ಅರ್ಧ ಆರ್ಕ್‌ಸೆಕೆಂಡ್‌ನಷ್ಟು ಸೂಕ್ಷ್ಮ. ಅಂದರೆ ಸುಮಾರು 11 ಕಿ.ಮೀ. ದೂರದ ಹತ್ತು ರೂಪಾಯಿ ನಾಣ್ಯದ ಅಗಲ. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹವೂ ಎಕ್ಸ್-ರೇ ನೋಡುತ್ತದೆ, ಆದರೆ ಇಷ್ಟು ಬಿಡಿಸಿ ನೋಡಲಾರದು. ಇನ್ನು ನೆಲದಿಂದ ಮಾತೇ ಇಲ್ಲ, ಎಕ್ಸ್-ರೇಯನ್ನು ಗಾಳಿಯೇ ನುಂಗಿಬಿಡುತ್ತದೆ.

ಹೆನೈಜ್ 2-10 ಇರೋದು ಹಡಗಿನ ದಿಕ್ಸೂಚಿಯ ಹೆಸರಿನ ನಕ್ಷತ್ರಪುಂಜದಲ್ಲಿ, ಕಡಲ ತೀರದವರಿಗೆ ಹೇಳಿ ಮಾಡಿಸಿದ ಹಾಗೆ. ಮಾರ್ಚ್ ರಾತ್ರಿ 9ರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ, ದಿಗಂತಕ್ಕೂ ನೆತ್ತಿಗೂ ನಡುವೆ ನೋಡಿ. ಬರಿಗಣ್ಣಿಗೆ ಅಲ್ಲಿ ಕೆಲವು ಮಂಕು ನಕ್ಷತ್ರ ಬಿಟ್ಟರೆ ಏನೂ ಕಾಣುವುದಿಲ್ಲ.